ತನ್ನ ಅಳತೆಯ ಬಂದೂಕು: ಆ್ಯನಿ ಓಕ್ಲಿ ಬದುಕು

ಈ ಸಲದ ವ್ಯಕ್ತಿ ಪರಿಚಯದಲ್ಲಿ ನಮ್ಮ ಸೀಮೆಯವರಲ್ಲದ, ನಮ್ಮ ದೇಶದವರೂ ಅಲ್ಲದ ಒಬ್ಬ ಹೆಣ್ಣುಮಗಳ ಬದುಕನ್ನು ಬರೆಯುತ್ತಿದ್ದೇನೆ. ಆದರೆ ಬರೆಯಬೇಕೆನಿಸಿದ್ದು ಅಕ್ಕಲಕೋಟೆಯಲ್ಲಿ.

ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟೆಗೆ ಬಂದವರಲ್ಲಿ ಹಲವರು ಅಲ್ಲಿಯ ಅರಮನೆಯ ಶಸ್ತ್ರಾಗಾರವನ್ನೂ ನೋಡಿ ಹೋಗುತ್ತಾರೆ. 1896ರಿಂದ 1923ರವರೆಗೆ ಸಂಸ್ಥಾನದ ಗಾದಿಯ ಮೇಲಿದ್ದ ಫತ್ತೇಸಿಂಹರಾವ್ ಭೋಸಲೆ ಅವರ ಹೆಸರಿನೊಂದಿಗೆ ಕೂಡಿಕೊಂಡ ಸಂಗ್ರಹ ಅದು. ಕತ್ತಿ, ಕಠಾರಿ, ಭರ್ಚಿಗಳ ಜೊತೆ ಬಂದೂಕುಗಳೂ ಅಲ್ಲಿವೆ. ಹಿಂದೊಮ್ಮೆ ನನ್ನ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ ಹುಡುಗಿ. ರೈಫಲ್ ಹಿಡಿದು ಗುರಿ ಹೊಡೆಯುವುದರಲ್ಲಿ ಅವಳಿಗೆ ಒಳ್ಳೆಯ ಹೆಸರು. ಬಂದೂಕುಗಳ ಮುಂದೆ ಅವಳು ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ತನ್ನ ಸಂಕಟ ಹೇಳಿಕೊಂಡಳು. ಒಂದು ಕಡೆ ಅವಳ ಕೈಗೆ ಜೋಡುನಳಿಗೆಯ ಬಂದೂಕು ಕೊಟ್ಟು, ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯಲು ಹಚ್ಚಿದ್ದರಂತೆ. ಒಂದೂ ಬೀಳಲಿಲ್ಲ. ಕೆನ್ನೆ ಊದಿಕೊಂಡಿತು, ಭುಜ ನೀಲಿಗಟ್ಟಿತು. ಇದು ಸಣಕಲು ಹುಡುಗಿಯರ ಆಟವಲ್ಲ ಎಂದು ಅಲ್ಲಿದ್ದವರೊಬ್ಬರು ಹೇಳಿ ಕಳಿಸಿದರಂತೆ. ಮಾಮಾ, ನನ್ನಲ್ಲೇ ಏನೋ ಕೊರತೆ ಇರಬೇಕು ಎಂಬುದು ಅವಳ ಮಾತಿನ ತಾತ್ಪರ್ಯ.

ಕೊರತೆ ಅವಳಲ್ಲಿ ಇರಲಿಲ್ಲ, ಬಂದೂಕಿನ ಅಳತೆಯಲ್ಲಿತ್ತು. ಅದನ್ನು ಅವಳಿಗೆ ಮನದಟ್ಟು ಮಾಡಿಕೊಡಲು ನಾನು ಹೇಳಿದ್ದು ಆ್ಯನಿ ಓಕ್ಲಿಯ ಕಥೆ. ಅದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಬಡತನದ ಬಾಲ್ಯ

ಆ್ಯನಿ ಹುಟ್ಟಿದ್ದು 1860ರ ಆಗಸ್ಟ್ 13ರಂದು, ಅಮೆರಿಕದ ಓಹಾಯೊ ರಾಜ್ಯದ ಡಾರ್ಕ್ ಜಿಲ್ಲೆಯ ಒಂದು ಹಳ್ಳಿಯ ಮರದ ದಿಮ್ಮಿಗಳ ಮನೆಯಲ್ಲಿ. ಮನೆಯವರು ಇಟ್ಟ ಹೆಸರು ಫೀಬಿ ಆ್ಯನ್. ತುಂಬಿದ ಮನೆ, ಕೈಯಲ್ಲಿ ಕಾಸಿಲ್ಲ. ಆಕೆಗೆ ಇನ್ನೂ ಆರು ತುಂಬಿರಲಿಲ್ಲ, ಹಿಮಗಾಳಿಗೆ ಸಿಕ್ಕು ಹಾಸಿಗೆ ಹಿಡಿದಿದ್ದ ತಂದೆ 1866ರಲ್ಲಿ ತೀರಿಕೊಂಡರು. ತಾಯಿಯ ಮೇಲೆ ಮಕ್ಕಳ ಭಾರವೆಲ್ಲ ಬಿತ್ತು.

ಹಸಿವು ಆ ಮಗುವನ್ನು ಕಾಡಿಗೆ ಕಳಿಸಿತು. ಮೊದಲು ಬೋನು ಇಟ್ಟು ಹಕ್ಕಿಗಳನ್ನು ಹಿಡಿಯುವುದನ್ನು ಕಲಿತಳು. ಎಂಟನೆಯ ವಯಸ್ಸಿಗೆ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದ ತಂದೆಯ ಹಳೆಯ ಬಂದೂಕನ್ನು ಇಳಿಸಿಕೊಂಡಳು. ದೊಡ್ಡ ಗಂಡಸಿನ ಕೈಗೆ ಮಾಡಿದ ಬಂದೂಕು, ಎಂಟು ವರ್ಷದ ಹುಡುಗಿಯ ಕೈ. ಅದನ್ನು ಎತ್ತಲು ಏನಾದರೊಂದರ ಆಸರೆ ಬೇಕಿದ್ದ ವಯಸ್ಸು ಅದು. ಅಂಥದರಲ್ಲೂ ಬೇಟೆ ಬಿತ್ತು, ಮನೆಯಲ್ಲಿ ಒಲೆ ಉರಿಯಿತು.

ಒಂಬತ್ತು–ಹತ್ತನೆಯ ವಯಸ್ಸಿನ ಹೊತ್ತಿಗೆ ತಾಯಿ ಆಕೆಯನ್ನು ಜಿಲ್ಲೆಯ ಅನಾಥಾಲಯಕ್ಕೆ ಕಳಿಸಬೇಕಾಯಿತು. ಹೊಲಿಗೆ, ಕಸೂತಿ ಕಲಿತದ್ದು ಅಲ್ಲಿಯೇ. ಆಮೇಲೆ ಒಂದು ಒಕ್ಕಲು ಮನೆಯವರು ಕೂಸನ್ನು ನೋಡಿಕೊಳ್ಳಲು ಆಕೆಯನ್ನು ಕರೆದುಕೊಂಡು ಹೋದರು. ಸಂಬಳ, ಶಾಲೆ ಎರಡನ್ನೂ ಕೊಡುವುದಾಗಿ ಹೇಳಿದ್ದರು. ಕೊಟ್ಟದ್ದು ದುಡಿತ, ಏಟು. ಹಿಮದಲ್ಲಿ ಬರಿಗಾಲಲ್ಲಿ ಹೊರಗೆ ನಿಲ್ಲಿಸಿದ್ದೂ ಉಂಟು. ಆಕೆ ಬದುಕಿನ ಕೊನೆಯವರೆಗೂ ಆ ಕುಟುಂಬದ ಹೆಸರು ಹೇಳಲಿಲ್ಲ. ತೋಳಗಳು ಎಂದಷ್ಟೇ ಕರೆದಳು. ಸುಮಾರು ಎರಡು ವರ್ಷ ಸಹಿಸಿ ಓಡಿಬಂದಳು.

ಮನೆಗೆ ಮರಳಿದ ಮೇಲೆ ಬೇಟೆಯೇ ಆಕೆಯ ಕಸುಬಾಯಿತು. ಹೊಡೆದ ಹಕ್ಕಿ, ಮೊಲಗಳನ್ನು ಊರ ಅಂಗಡಿಗೆ ಮಾರುತ್ತಿದ್ದಳು; ಅಲ್ಲಿಂದ ಅವು ದೂರದ ಹೋಟೆಲುಗಳಿಗೆ ಹೋಗುತ್ತಿದ್ದವು. ಹದಿನೈದರ ವಯಸ್ಸಿಗೆ ತಾಯಿಯ ಹೊಲಮನೆಯ ಮೇಲಿದ್ದ ಸಾಲವನ್ನು ಆ ದುಡ್ಡಿನಿಂದಲೇ ತೀರಿಸಿದಳು. ಆಕೆಗೆ ಗುರಿ ಎಂಬುದು ಆಗ ಮೋಜಿನ ಮಾತಾಗಿರಲಿಲ್ಲ. ತಪ್ಪಿದ ಒಂದೊಂದು ಈಡಿಗೂ ಕಾಡತೂಸಿನ ಖರ್ಚು ನಷ್ಟ, ಮನೆಯವರಿಗೆ ಊಟ ಕಡಿಮೆ.

ಫ್ರ್ಯಾಂಕ್ ಬಟ್ಲರ್

ಫ್ರ್ಯಾಂಕ್ ಬಟ್ಲರ್ ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಊರೂರು ತಿರುಗಿ ಗುರಿಯ ಪ್ರದರ್ಶನ ಕೊಡುತ್ತಿದ್ದ. ಹೋದಲ್ಲೆಲ್ಲ ಸ್ಥಳೀಯ ಗುರಿಕಾರರಿಗೆ ಪಂದ್ಯ ಹಾಕುವುದು ಅವನ ರೂಢಿ. ಸಿನ್ಸಿನಾಟಿ ಕಡೆ ಒಮ್ಮೆ ಪಂದ್ಯಕ್ಕೆ ಬಂದು ನಿಂತವಳು ಐದಡಿ ಎತ್ತರದ ಹಳ್ಳಿಯ ಹುಡುಗಿ. ಹುಡುಗಿಯ ಇಪ್ಪತ್ತೈದೂ ಬಿದ್ದವು, ಅವನದು ಒಂದು ತಪ್ಪಿತು ಎಂದು ಹೇಳುತ್ತಾರೆ. ಸೋತ ಪಂದ್ಯದಿಂದ ಅವನಿಗೆ ಹೆಂಡತಿ ಸಿಕ್ಕಳು.

1882ರಲ್ಲಿ ಫ್ರ್ಯಾಂಕ್‌ನ ಜೊತೆಗಾರ ಕಾಯಿಲೆ ಬಿದ್ದಾಗ ಆ್ಯನಿ ಅವನ ಬದಲಿಗೆ ವೇದಿಕೆ ಏರಿದಳು. ಓಕ್ಲಿ ಎಂಬುದು ವೇದಿಕೆಗೆಂದು ಇಟ್ಟುಕೊಂಡ ಹೆಸರು. ಕೆಲವೇ ದಿನಗಳಲ್ಲಿ ಫ್ರ್ಯಾಂಕ್‌ಗೆ ಒಂದು ಮಾತು ತಿಳಿಯಿತು: ಜನ ನೋಡಲು ಬರುವುದು ಆಕೆಯನ್ನು. ಅವನು ಮುಖ ಸಣ್ಣದು ಮಾಡಲಿಲ್ಲ. ತಾನು ಹಿಂದೆ ಸರಿದು ಕರಾರು, ಪ್ರಯಾಣ, ಕಾಡತೂಸು, ಬಂದೂಕುಗಳ ಉಸ್ತುವಾರಿ ನೋಡಿಕೊಂಡ. ಆ ಕಾಲದಲ್ಲಿ, ಎಲ್ಲ ಕಾಲದಲ್ಲೂ ಅನ್ನಿ, ಅಂಥ ಗಂಡ ಸಿಗುವುದು ಅಪರೂಪ. 1884ರಲ್ಲಿ ಲಕೋಟಾ ಜನರ ಮುಖಂಡ ಸಿಟ್ಟಿಂಗ್ ಬುಲ್ ಆಕೆಯ ಗುರಿ ನೋಡಿ ಮೆಚ್ಚಿ, ತಪ್ಪದ ಗುರಿಯ ಪುಟ್ಟವಳು ಎಂಬರ್ಥದ ಹೆಸರಿಟ್ಟ. ಮರುವರ್ಷ, 1885ರಲ್ಲಿ, ಬಫಲೊ ಬಿಲ್ ಎಂದು ಹೆಸರಾದ ವಿಲಿಯಂ ಕೋಡಿಯ ವೈಲ್ಡ್ ವೆಸ್ಟ್ ತಂಡಕ್ಕೆ ದಂಪತಿ ಸೇರಿದರು. ಆಕೆ ತೊಡುತ್ತಿದ್ದ ಉಡುಪೆಲ್ಲ ತಾನೇ ಅಳತೆ ತೆಗೆದು ಹೊಲಿದುಕೊಂಡದ್ದು.

ಮಣ್ಣಿನ ಪಾರಿವಾಳ ಬಂದದ್ದು

ಇಲ್ಲಿ ಆಟದ ಬಗ್ಗೆ ಎರಡು ಮಾತು. ಮೊದಲು ಈ ಆಟಕ್ಕೆ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯೊಳಗೆ ಇಟ್ಟು, ಹೊಡೆಯುವವನು ಕೂಗಿದ ಕೂಡಲೆ ಮುಚ್ಚಳ ಎಳೆದು ಹಾರಿಬಿಡುತ್ತಿದ್ದರು. ಆ ಪೆಟ್ಟಿಗೆಗೆ ಟ್ರ್ಯಾಪ್ ಎಂದು ಹೆಸರು. ಇಂದಿನ ಒಲಿಂಪಿಕ್ಸ್‌ನ ಟ್ರ್ಯಾಪ್ ಸ್ಪರ್ಧೆಗೆ ಹೆಸರು ಬಂದದ್ದು ಅದರಿಂದಲೇ. ಆಮೇಲೆ ಗಾಜಿನ ಗುಂಡುಗಳನ್ನು ಎಸೆದು ಹೊಡೆಯುವ ಪದ್ಧತಿ ಬಂತು. ಆ್ಯನಿ ಒಂದೇ ದಿನದಲ್ಲಿ 5000 ಗಾಜಿನ ಗುಂಡುಗಳಲ್ಲಿ 4772ನ್ನು ಒಡೆದದ್ದು ದಾಖಲೆ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಮಣ್ಣಿನ ಚಪ್ಪಟೆ ಬಿಲ್ಲೆಗೆ ಪೇಟೆಂಟ್ ಪಡೆದ. ಹುಡುಗರು ನೀರಿನ ಮೇಲೆ ಚಿಪ್ಪು ತೇಲಿಸಿ ಎಸೆಯುವುದನ್ನು ನೋಡಿ ಅವನಿಗೆ ಅದು ಹೊಳೆಯಿತಂತೆ. ನಮ್ಮ ಹುಡುಗರು ಕೆರೆಯಲ್ಲಿ ಹೆಂಚಿನ ಚೂರು ಎಸೆದು ಕಪ್ಪೆ ಕುಣಿಸುತ್ತಾರಲ್ಲ, ಅದೇ ಆಟ. ಹಕ್ಕಿಯ ಜೀವ ಉಳಿಯಿತು, ಹೆಸರು ಮಾತ್ರ ಕ್ಲೇ ಪಿಜನ್, ಅಂದರೆ ಮಣ್ಣಿನ ಪಾರಿವಾಳ ಎಂದೇ ನಿಂತಿತು. ಈಗಿನ ಬಿಲ್ಲೆ ಮಣ್ಣಿನದಲ್ಲ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಮಾಡಿದ್ದು. ಅಡ್ಡಳತೆ 11 ಸೆಂಟಿಮೀಟರ್, ತೂಕ ಸುಮಾರು 105 ಗ್ರಾಂ.

ಇದಕ್ಕೆ ಬಳಸುವುದು ರೈಫಲ್ ಅಲ್ಲ, ಶಾಟ್‌ಗನ್. ರೈಫಲಿನಿಂದ ಹೋಗುವುದು ಒಂದು ಗುಂಡು. ಶಾಟ್‌ಗನ್ನಿನ ಕಾಡತೂಸಿನಲ್ಲಿ ಸಾಸಿವೆ–ಜೋಳದ ಕಾಳಿನಂಥ ಸೀಸದ ಸಣ್ಣ ಗುಂಡುಗಳು ನೂರಾರು ಇರುತ್ತವೆ. ಅವು ಹರಡಿಕೊಂಡು ಹೋಗುತ್ತವೆ. ರೈಫಲಿಗೆ ಮುಂದೊಂದು ಹಿಂದೊಂದು ಗುರಿಗಣ್ಣು ಇರುತ್ತದೆ. ಶಾಟ್‌ಗನ್ನಿಗೆ ನಳಿಗೆಯ ತುದಿಯಲ್ಲಿ ಒಂದು ಮಣಿ ಮಾತ್ರ. ಹಿಂದಿನ ಗುರಿಗಣ್ಣಿನ ಕೆಲಸ ಮಾಡುವುದು ಹೊಡೆಯುವವರ ಸ್ವಂತ ಕಣ್ಣು. ಕೆನ್ನೆಯನ್ನು ಕಟ್ಟಿಗೆಯ ಮೇಲೆ ಆನಿಸಿದಾಗ ಕಣ್ಣು ಎಲ್ಲಿ ಬಂದು ನಿಲ್ಲುತ್ತದೋ ಗುರಿ ಅಲ್ಲಿಂದ ಹೊರಡುತ್ತದೆ. ಹೀಗಾಗಿ ಶಾಟ್‌ಗನ್ ಮೈಗೆ ಹೊಂದದಿದ್ದರೆ ಗುರಿಗಣ್ಣು ಸೊಟ್ಟಗಿರುವ ರೈಫಲ್ ಹಿಡಿದಂತೆಯೇ ಸರಿ.

ಲಂಡನ್‌ನಲ್ಲಿ ತಪ್ಪಿದ ಗುರಿ

1887. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ಸಂಭ್ರಮ. ವೈಲ್ಡ್ ವೆಸ್ಟ್ ತಂಡ ಹಡಗು ಹತ್ತಿ ಲಂಡನ್ನಿಗೆ ಬಂತು. ಜನ ಕಿಕ್ಕಿರಿದು ಬಂದರು, ರಾಣಿಯೂ ಬಂದು ನೋಡಿದಳು. 26ರ ಆ್ಯನಿಯ ಹೆಸರು ಪತ್ರಿಕೆಗಳಲ್ಲೆಲ್ಲ ಬಂತು.

ಆದರೆ ಇಂಗ್ಲೆಂಡಿನ ಬೇಟೆಯ ಬಯಲಿನಲ್ಲಿ, ಅಲ್ಲಿಯ ಬಿರುಸಿನ ಹಕ್ಕಿಗಳ ಮುಂದೆ, ಆಕೆಯ ಗುರಿ ತಪ್ಪತೊಡಗಿತು. ಪ್ರದರ್ಶನದಲ್ಲಿ ಎಸೆದ ಗಾಜಿನ ಗುಂಡು ಎಲ್ಲಿಗೆ ಬರುತ್ತದೆಂಬುದು ಗೊತ್ತಿರುತ್ತಿತ್ತು. ಇಲ್ಲಿ ಹಕ್ಕಿ ಯಾವ ದಿಕ್ಕಿಗೆ ಎದ್ದು ಹಾರುತ್ತದೆಂಬುದು ಗೊತ್ತಿಲ್ಲ. ಕಣ್ಣು ಕಂಡದ್ದಕ್ಕೆ ಕೈ ತಟ್ಟನೆ ಒದಗಬೇಕು. ಆಕೆ ತಂದಿದ್ದ ಬಂದೂಕು ಆಕೆಯ ಮೈಕಟ್ಟಿಗೆ ಭಾರವಾದದ್ದು. ಅದು ಭುಜಕ್ಕೆ ಏರುವಷ್ಟರಲ್ಲಿ ಹಕ್ಕಿ ದಾಟಿ ಹೋಗುತ್ತಿತ್ತು.

ಜಗತ್ತೆಲ್ಲ ಹೊಗಳುತ್ತಿರುವಾಗ ತನ್ನ ಬಂದೂಕೇ ತನಗೆ ಸರಿಯಿಲ್ಲ ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆಕೆಯ ಬದುಕಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಘಟ್ಟ ಇದು. ಆಕೆ ನ್ಯೂ ಬಾಂಡ್ ಸ್ಟ್ರೀಟಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಎಂಬ ಬಂದೂಕು ತಯಾರಿಕೆಯ ಅಂಗಡಿಗೆ ಹೋದಳು. ಹೆಸರು ಹಳೆಯ ಯಜಮಾನನದು. ಆಗ ಅದನ್ನು ನಡೆಸುತ್ತಿದ್ದವನು ಹೆನ್ರಿ ಥಾರ್ನ್. ಅವನು ಬಂದೂಕು ಮಾರುವವನಷ್ಟೇ ಅಲ್ಲ, ಹೊಡೆಯುವುದನ್ನು ಕಲಿಸುವವನೂ ಹೌದು. ಅದಕ್ಕೆಂದೇ ಸ್ವಂತ ಮೈದಾನ ಇಟ್ಟುಕೊಂಡಿದ್ದ. ಗಿರಾಕಿ ಬಂದೂಕು ಹೇಗೆ ಎತ್ತುತ್ತಾರೆ, ಕತ್ತು ಎಷ್ಟು ಬಗ್ಗಿಸುತ್ತಾರೆ, ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದನ್ನು ನೋಡಿ, ಅದಕ್ಕೆ ತಕ್ಕಂತೆ ಕಟ್ಟಿಗೆ ಕೆತ್ತಿಸುತ್ತಿದ್ದ.

ಆ್ಯನಿಗಾಗಿ ಅವನು ನಾಲ್ಕು ಬಂದೂಕು ಮಾಡಿಕೊಟ್ಟ. ಎರಡು 20 ಬೋರಿನವು. ಒಂದೊಂದರ ತೂಕ 5 ಪೌಂಡು 2 ಔನ್ಸ್, ಅಂದರೆ ಸುಮಾರು 2.3 ಕಿಲೊ. ಉಳಿದೆರಡು 12 ಬೋರಿನವು. ಒಂದೊಂದು 6 ಪೌಂಡು, ಸುಮಾರು 2.7 ಕಿಲೊ. ಬೋರಿನ ಲೆಕ್ಕ ಹೀಗೆ: ನಳಿಗೆಯ ಬಾಯಿಗೆ ಸರಿಯಾಗಿ ಕೂಡುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ 12 ಬೋರ್, ಇಪ್ಪತ್ತು ತೂಗಿದರೆ 20 ಬೋರ್. ಹಾಗಾಗಿ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಬಂದೂಕಿನ ಜೊತೆಗೆ ಆಕೆ ಥಾರ್ನ್‌ನ ಮೈದಾನದಲ್ಲಿ ಪಾಠವನ್ನೂ ಹೇಳಿಸಿಕೊಂಡಳು. ಹೆಸರಾಂತ ಗುರಿಕಾರ್ತಿ ಮತ್ತೆ ವಿದ್ಯಾರ್ಥಿನಿಯಾಗಿ ನಿಂತಳು. ಹಕ್ಕಿಗಳು ಬೀಳತೊಡಗಿದವು. ಸುಮಾರು ಎರಡು ವರ್ಷ ಬಳಸಿದ ಮೇಲೆ ಆ ಬಂದೂಕುಗಳನ್ನು ಮೆಚ್ಚಿ, ತನ್ನ ಗುರಿ ಅವುಗಳಿಂದ ಮತ್ತು ಆ ಪಾಠಗಳಿಂದ ಸುಧಾರಿಸಿತೆಂದು ಬರೆದುಕೊಟ್ಟಳು.

ಅಳತೆ ಎಂದರೆ ಏನೇನು?

ಸೊಲ್ಲಾಪುರದವರಿಗೆ ಇದನ್ನು ಹೇಳುವುದು ಸುಲಭ. ಶಾಲೆಯ ಯೂನಿಫಾರ್ಮು ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ನಂಬರಿನ ಲೆಕ್ಕದಲ್ಲಿ ಹೊಲಿದ ಅಂಗಿ ನೂರರಲ್ಲಿ ಹೆಚ್ಚಿನವರಿಗೆ ಒಪ್ಪುತ್ತದೆ. ಒಪ್ಪದವರಿಗೆ ಟೇಪು ಹಿಡಿದೇ ಹೊಲಿಯಬೇಕು. ಕಾರ್ಖಾನೆಯ ಶಾಟ್‌ಗನ್ನೂ ಹಾಗೆಯೇ. ಸಾಧಾರಣ ಮೈಕಟ್ಟಿನ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಭುಜಕ್ಕೆ ಆನಿಸುವ ಕಟ್ಟಿಗೆಯ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಅಳತೆಯ ಗುಟ್ಟೆಲ್ಲ ಇರುವುದು ಅದರಲ್ಲಿ.

ಮೊದಲನೆಯದು ಉದ್ದ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಯ ನಡುವಿನವರೆಗೆ ಅಳೆಯುತ್ತಾರೆ. ಕಾರ್ಖಾನೆಯಿಂದ ಬರುವ ಬಹುಪಾಲು ಬಂದೂಕುಗಳಲ್ಲಿ ಇದು ಹದಿನಾಲ್ಕೂವರೆ ಇಂಚಿನ ಆಸುಪಾಸು. ಕುಳ್ಳಗಿನವರಿಗೆ ಇದು ಉದ್ದವಾದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲು ಮೈ ಹಿಂದಕ್ಕೆ ವಾಲುತ್ತದೆ. ಗಿಡ್ಡವಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಬಂದೂಕು ಎತ್ತಿ ಹಿಡಿದಾಗ ಮೂಗಿಗೂ ಹೆಬ್ಬೆರಳಿನ ಬುಡಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಎಡೆ ಇದ್ದರೆ ಹೆಚ್ಚುಕಡಿಮೆ ಸರಿ. ತೆಳು ಅಂಗಿಗೂ ಚಳಿಗಾಲದ ದಪ್ಪ ಕೋಟಿಗೂ ಈ ಎಡೆ ಬದಲಾಗುತ್ತದೆ ಎಂಬುದು ನೆನಪಿರಲಿ.

ಎರಡನೆಯದು ಕೆನ್ನೆ ಆನುವ ಮೇಲಂಚಿನ ಎತ್ತರ. ಅಂಚು ತಗ್ಗಿದ್ದರೆ ಕಣ್ಣು ನಳಿಗೆಯ ಹಿಂದೆ ಮುಚ್ಚಿಹೋಗುತ್ತದೆ. ನೋಡಲೆಂದು ಮುಖ ಎತ್ತುತ್ತೇವೆ, ಕೆನ್ನೆ ಕಟ್ಟಿಗೆಯಿಂದ ಬಿಡುತ್ತದೆ, ಒದೆತ ಬಂದಾಗ ಕಟ್ಟಿಗೆ ಎದ್ದು ಕೆನ್ನೆಗೆ ಹೊಡೆಯುತ್ತದೆ. ನನ್ನ ತಂಗಿಯ ಮಗಳಿಗೆ ಆದದ್ದು ಇದೇ. ಅಂಚು ಎತ್ತರವಾದರೆ ಈಡು ಗುರಿಯ ಮೇಲೆ ಹಾರಿಹೋಗುತ್ತದೆ. ಟ್ರ್ಯಾಪ್ ಆಟದಲ್ಲಿ ಬಿಲ್ಲೆ ಮೇಲೇರುತ್ತಾ ದೂರ ಹೋಗುವುದರಿಂದ, ಅದಕ್ಕೆಂದು ಮಾಡಿದ ಬಂದೂಕುಗಳು ಬೇಕೆಂದೇ ಸ್ವಲ್ಪ ಮೇಲಕ್ಕೆ ಹೊಡೆಯುತ್ತವೆ. ಕತ್ತು ಉದ್ದವಿರುವವರಿಗೆ, ಹೆಣ್ಣುಮಕ್ಕಳಲ್ಲಿ ಹಲವರಿಗೆ, ಎತ್ತರದ ಅಂಚು ಬೇಕಾಗುತ್ತದೆ.

ಮೂರನೆಯದು ಪಕ್ಕಕ್ಕೆ ಬಾಗಿದ ಅಳತೆ. ಕಣ್ಣು ನಳಿಗೆಯ ನೇರಕ್ಕೆ ಬರಲು ಬಲಗೈಯವರಿಗೆ ಸ್ಟಾಕ್ ತುಸು ಬಲಕ್ಕೆ, ಎಡಗೈಯವರಿಗೆ ಎಡಕ್ಕೆ ಬಾಗಿರುತ್ತದೆ. ನಾಲ್ಕನೆಯದು ಹಿಂತುದಿಯ ಓರೆ. ಭುಜ ಮತ್ತು ಎದೆಗೆ ಅದು ಪೂರ್ತಿ ಅಂಗೈಯಂತೆ ಕೂಡಬೇಕು, ಮೂಲೆ ಚುಚ್ಚಬಾರದು. ಐದನೆಯದು ತೂಕ ಮತ್ತು ಸಮತೋಲ. ಎರಡೂ ಕೈಗಳ ನಡುವೆ ಭಾರ ನಿಲ್ಲಬೇಕು.

ಕೂದಲೆಳೆಯಷ್ಟು ಅಳತೆಗೆ ಇಷ್ಟೇಕೆ ಗದ್ದಲ ಎಂದು ಕೇಳಬಹುದು. ಲೆಕ್ಕ ನೋಡಿ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ. ಹದಿನಾರು ಗಜ ದೂರದಲ್ಲಿ ಒಂದು ಹಾಳೆ ಕಟ್ಟಿ ಹೊಡೆದರೆ, ಸ್ಟಾಕಿನಲ್ಲಿ ಒಂದು ಇಂಚಿನ ಹದಿನಾರನೆಯ ಒಂದು ಭಾಗದ ತಪ್ಪು ಆ ಹಾಳೆಯ ಮೇಲೆ ಒಂದು ಇಂಚಿನ ತಪ್ಪಾಗುತ್ತದೆ. ಕಾಲು ಇಂಚಿನ ತಪ್ಪು ಅಲ್ಲಿ ನಾಲ್ಕು ಇಂಚು, ಬಿಲ್ಲೆ ಒಡೆಯುವ ಮೂವತ್ತೆರಡು ಗಜದಲ್ಲಿ ಎಂಟು ಇಂಚು. ಬಿಲ್ಲೆಯ ಅಗಲವೇ ನಾಲ್ಕೂಕಾಲು ಇಂಚು. ಅಂದಮೇಲೆ ಕೈ ಎಷ್ಟೇ ಪಳಗಿದ್ದರೂ ಏನು ಬಂತು?

ಥಾರ್ನ್‌ನ ಕಾಲದ ಆಸುಪಾಸಿನಲ್ಲೇ, 1880ರ ದಶಕದ ಕೊನೆಯಲ್ಲಿ, ಎಲ್ಲ ಕೀಲುಗಳನ್ನೂ ತಿರುಗಿಸಿ ಉದ್ದ, ಎತ್ತರ, ಬಾಗು ಬದಲಿಸಬಹುದಾದ ಪರೀಕ್ಷೆಯ ಬಂದೂಕು ಬಳಕೆಗೆ ಬಂತು. ಇಂದು ಟ್ರ್ಯಾಪ್ ಆಟದ ಹಲವು ಬಂದೂಕುಗಳಲ್ಲಿ ಮೇಲಂಚನ್ನು ಎತ್ತಿ ಇಳಿಸುವ ಸ್ಕ್ರೂ ಇರುತ್ತದೆ. ಹಿಂತುದಿಗೆ ರಬ್ಬರಿನ ದಪ್ಪ ತೆಳು ಪಟ್ಟಿ ಹಾಕಿ ಉದ್ದ ಬದಲಿಸುತ್ತಾರೆ.

ಮನೆಯಲ್ಲಿ ಬಂದೂಕಿಲ್ಲದೆಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಎರಡೂ ಅಂಗೈ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗುಡಿಯ ಕಳಸವನ್ನು ಅದರಲ್ಲಿ ನೋಡಿ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಯಾವ ಕಣ್ಣಿಗೆ ಕಳಸ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನನಾಗಿದ್ದರೆ ತರಬೇತಿದಾರರಿಗೆ ಮೊದಲೇ ಹೇಳಬೇಕು. ಇನ್ನೊಂದು ಪರೀಕ್ಷೆ ಕ್ಲಬ್ಬಿನ ಮೈದಾನದಲ್ಲಿ, ತರಬೇತಿದಾರರ ಎದುರಿಗೆ, ಬಂದೂಕು ಖಾಲಿ ಇರುವುದನ್ನು ಎರಡೆರಡು ಸಲ ನೋಡಿದ ಮೇಲೆ ಮಾಡುವಂಥದ್ದು: ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೂ ಕೆನ್ನೆಗೂ ತನ್ನಿ, ಆಮೇಲೆ ಕಣ್ಣು ತೆರೆಯಿರಿ. ಕತ್ತು ಹೊರಳಿಸದೆ, ಹಿಗ್ಗಿಸದೆ, ತುದಿಯ ಮಣಿ ನೇರ ಎದುರಿಗೆ ಕಂಡರೆ ಬಂದೂಕು ನಿಮ್ಮದು.

ಹಗುರವಾದದ್ದೇ ಒಳ್ಳೆಯದು ಎಂದೂ ತಿಳಿಯಬೇಡಿ. ಅದೇ ಕಾಡತೂಸಿಗೆ ಹಗುರ ಬಂದೂಕು ಹೆಚ್ಚು ಒದೆಯುತ್ತದೆ. ಆ್ಯನಿಯ ಹಗುರ ಬಂದೂಕು 20 ಬೋರಿನದಾದ್ದರಿಂದ ಅದರ ಮದ್ದೂ ಕಡಿಮೆ. ಇಂದಿನ ಒಲಿಂಪಿಕ್ ಟ್ರ್ಯಾಪ್‌ನಲ್ಲಿ 25ರಂತೆ ಐದು ಸುತ್ತು, ಒಟ್ಟು 125 ಬಿಲ್ಲೆಗಳು. ಒಂದೊಂದಕ್ಕೆ ಎರಡು ಈಡಿಗೆ ಅವಕಾಶ. ಅಷ್ಟು ಒದೆತ ತಡೆಯಲು ಮೂರೂವರೆ ಕಿಲೊಗೂ ಮೇಲಿನ ಬಂದೂಕನ್ನೇ ಹೆಚ್ಚಿನವರು ಹಿಡಿಯುತ್ತಾರೆ. ಕೊನೆಯ ಸುತ್ತಿನಲ್ಲೂ ಕೈ ಸೋಲದೆ ತಿರುಗಿಸಬಲ್ಲ ತೂಕವೇ ನಿಮ್ಮ ತೂಕ.

ಮುಂದಿನ ದಿನಗಳು

ಆ್ಯನಿ 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಹೋಗಿಬಂದಳು. 1894ರಲ್ಲಿ ಎಡಿಸನ್ನನ ಚಲನಚಿತ್ರ ಯಂತ್ರ ಆಕೆಯ ಗುರಿಯನ್ನು ಸೆರೆಹಿಡಿಯಿತು. 1898ರಲ್ಲಿ ಸ್ಪೇನ್ ಜೊತೆ ಯುದ್ಧದ ಮಾತು ಬಂದಾಗ ಐವತ್ತು ಮಂದಿ ಗುರಿಕಾರ್ತಿಯರ ತಂಡ ಕೊಡುತ್ತೇನೆಂದು ಅಧ್ಯಕ್ಷ ಮೆಕಿನ್ಲಿಗೆ ಪತ್ರ ಬರೆದಳು. ಅದಕ್ಕೆ ಮನ್ನಣೆ ಸಿಗಲಿಲ್ಲ.

1901ರ ಅಕ್ಟೋಬರಿನಲ್ಲಿ ತಂಡದ ರೈಲು ಅಪಘಾತಕ್ಕೆ ಸಿಕ್ಕಿತು. ಆಕೆಯ ಬೆನ್ನಿಗೆ ಪೆಟ್ಟಾಯಿತು. ವೈಲ್ಡ್ ವೆಸ್ಟ್ ತಂಡ ಬಿಟ್ಟಳು. 1903ರಲ್ಲಿ ಇನ್ನೊಂದು ಪೆಟ್ಟು. ಮಾದಕ ವಸ್ತುವಿಗಾಗಿ ಕಳ್ಳತನ ಮಾಡಿ ಆಕೆ ಸಿಕ್ಕಿಬಿದ್ದಳೆಂದು ಪತ್ರಿಕೆಗಳು ಬರೆದವು. ಸಿಕ್ಕಿಬಿದ್ದವಳು ಬೇರೆ ಯಾರೋ ಹೆಂಗಸು. ಆ್ಯನಿ 55 ಪತ್ರಿಕೆಗಳ ಮೇಲೆ ದಾವೆ ಹೂಡಿದಳು. ಊರಿಂದೂರಿಗೆ ಹೋಗಿ ಸಾಕ್ಷಿ ಹೇಳಿದಳು. 1910ರ ಹೊತ್ತಿಗೆ 54 ಕಡೆ ಗೆದ್ದಳು ಇಲ್ಲವೆ ರಾಜಿಯಲ್ಲಿ ಪರಿಹಾರ ಪಡೆದಳು. ಬಂದ ದುಡ್ಡಿಗಿಂತ ಹೋದ ಖರ್ಚೇ ಹೆಚ್ಚು. ಆದರೂ ಬಿಡಲಿಲ್ಲ, ಹೆಸರು ಶುದ್ಧವಾಗುವುದು ಆಕೆಗೆ ಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಉತ್ತರ ಕ್ಯಾರೊಲೈನಾದ ಪೈನ್‌ಹರ್ಸ್ಟ್‌ನಲ್ಲಿ ಹೆಂಗಸರಿಗೆ ಗುರಿ ಕಲಿಸಿದಳು. ಆಕೆಯಿಂದ ಜೀವಮಾನದಲ್ಲಿ ಕಲಿತ ಹೆಂಗಸರು 15 ಸಾವಿರದಷ್ಟು ಎಂದು ಅಂದಾಜು. ಎತ್ತರದವರು, ಕುಳ್ಳಗಿನವರು, ಜೀವನದಲ್ಲಿ ಒಮ್ಮೆಯೂ ಬಂದೂಕು ಮುಟ್ಟದವರು, ಎಲ್ಲರೂ ಬರುತ್ತಿದ್ದರು. ಯಾವ ಕಂಪನಿಯ ಬಂದೂಕು ಎಲ್ಲಕ್ಕಿಂತ ಮೇಲು ಎಂಬ ಪ್ರಶ್ನೆಗೆ ಆಕೆ ಒಂದೇ ಹೆಸರು ಹೇಳಲು ಒಪ್ಪುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ, 1922ರಲ್ಲಿ, ಅಲ್ಲಿಯೇ ಹದಿನಾರು ಗಜದಿಂದ ನೂರು ಮಣ್ಣಿನ ಬಿಲ್ಲೆಗಳನ್ನು ಒಂದೂ ತಪ್ಪದೆ ಒಡೆದಳು. ಅದೇ ವರ್ಷದ ಕೊನೆಗೆ ಕಾರು ಅಪಘಾತವಾಗಿ ಸೊಂಟ, ಕಾಲು ಮುರಿದವು. ಬಲಗಾಲಿಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡು ನಡೆದಳು, ಮತ್ತೆ ಮೈದಾನಕ್ಕೂ ಇಳಿದಳು.

1926ರ ನವೆಂಬರ್ 3ರಂದು, 66ನೆಯ ವಯಸ್ಸಿನಲ್ಲಿ, ಹುಟ್ಟಿದ ಜಿಲ್ಲೆಯ ಗ್ರೀನ್‌ವಿಲ್ ಊರಿನಲ್ಲೇ ತೀರಿಕೊಂಡಳು. ಹದಿನೆಂಟು ದಿನಕ್ಕೆ ಫ್ರ್ಯಾಂಕ್ ಕೂಡ ಹೋದ. ಗೆದ್ದ ಚಿನ್ನದ ಪದಕಗಳಲ್ಲಿ ಬಹಳಷ್ಟನ್ನು ಆಕೆ ಮೊದಲೇ ಕರಗಿಸಿ, ಬಂದ ಹಣವನ್ನು ದಾನ ಕೊಟ್ಟಿದ್ದಳು.

ನಮ್ಮ ಮಕ್ಕಳಿಗೆ

ನಮ್ಮ ದೇಶದಲ್ಲಿ ಈ ಆಟಕ್ಕೆ ಹೆಸರು ತಂದವರಲ್ಲಿ ಬಿಕಾನೇರದ ಕರಣಿ ಸಿಂಗ್ ಮೊದಲಿಗರು. 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. 1962ರ ಕೈರೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದರು. ಆಗ ಇದು ಅರಮನೆಯವರ ಆಟವಾಗಿತ್ತು. 2012ರ ಲಂಡನ್ ಒಲಿಂಪಿಕ್ಸ್‌ನ ಟ್ರ್ಯಾಪ್‌ಗೆ ಶಗುನ್ ಚೌಧರಿ ಹೋದಾಗ ಭಾರತದ ಹೆಣ್ಣುಮಗಳೊಬ್ಬಳು ಆ ಸ್ಪರ್ಧೆಯಲ್ಲಿ ನಿಂತದ್ದು ಅದೇ ಮೊದಲು.

ಖರ್ಚಿನ ಆಟವೆಂಬುದು ನಿಜ. ಹಾಗಿರುವುದರಿಂದಲೇ ಒಂದು ಮಾತು: ಬಂದೂಕು ಕೊಳ್ಳುವುದು ಕೊನೆಯ ಕೆಲಸ. ಮೊದಲು ಮಾನ್ಯತೆ ಪಡೆದ ಕ್ಲಬ್ಬು, ಆಮೇಲೆ ತರಬೇತಿದಾರರು, ಆಮೇಲೆ ಅಳತೆ, ಹಾಳೆಯ ಮೇಲೆ ಹೊಡೆದು ಈಡು ಎಲ್ಲಿ ಬೀಳುತ್ತದೆಂಬ ಪರೀಕ್ಷೆ, ಆಮೇಲೆ ಕಾನೂನಿನಂತೆ ಲೈಸೆನ್ಸು. ಅಜ್ಜನ ಕಾಲದ ಜೋಡುನಳಿಗೆ ಮನೆಯಲ್ಲಿದೆ, ಮಗುವಿಗೆ ಅದೇ ಸಾಕು ಎನ್ನಬೇಡಿ. ಅದು ಅಜ್ಜನ ಅಳತೆಯದು. ಹಳೆಯ ನಳಿಗೆ ಈಗಿನ ಕಾಡತೂಸು ತಡೆಯುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿದವರು ನೋಡಬೇಕು. ಕಿವಿಗೆ ಮುಚ್ಚು, ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ಈಡೂ ಬೇಡ.

ನಮ್ಮ ಹುಡುಗಿ ಈಗ ಬೇರೆ ಕಡೆ ಕಲಿಯುತ್ತಿದ್ದಾಳೆ. ಅಲ್ಲಿಯವರು ಸ್ಟಾಕಿನ ಹಿಂತುದಿಯ ಪಟ್ಟಿ ತೆಳು ಮಾಡಿ, ಮೇಲಂಚು ಎತ್ತಿಕೊಟ್ಟರಂತೆ. ಮೊದಲ ಸುತ್ತಿನ 25ರಲ್ಲಿ 9 ಒಡೆದವು ಎಂದು ಫೋನು ಮಾಡಿದ್ದಳು. ಕೆನ್ನೆ ಹೇಗಿದೆ ಎಂದು ಕೇಳಿದೆ. ಏನೂ ಆಗಿಲ್ಲ ಮಾಮಾ ಎಂದಳು.